ಗಾಮಾ ಕಿರಣ ಮತ್ತು ನಡುಗುವ ಹರಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹರಳುಗಳ ಮೂಲಕ ಕಿರಣಗಳು ಹಾಯುವುದರ ಬಗ್ಗೆ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಗಾಮಾ ಕಿರಣಕ್ಕೆ ಸಂಬಂಧಿಸಿದವನ್ನು ಮಾತ್ರ ಈ ಸಲ ತೆಗೆದುಕೊಂಡಿದ್ದೇನೆ. ಎರಡನೇ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು, ಅದಕ್ಕೇ ಅದರ ಉತ್ತರ ಉದ್ದವಾಗಿದೆ. ಸ್ವಲ್ಪ ಲೆಕ್ಕವೂ ಇದೆ. ಪೆನ್ನು ಹಿಡಿದು ಕೂತು ಓದಿದರೆ ಚೆನ್ನ.

ಪ್ರಶ್ನೆ: ಗಾಮಾ ಕಿರಣ ದಪ್ಪ ಲೋಹವನ್ನೂ ತೂರಿಕೊಂಡು ಹೋಗುತ್ತದೆ. ಅಂಥದ್ದನ್ನು ಒಂದು ಹರಳು ಬೇರೆ ದಿಕ್ಕಿಗೆ ತಿರುಗಿಸಲು ಸಾಧ್ಯವೇ? ವಿವರ್ತನೆ (ಹರಳಿನ ಕ್ರಮದಿಂದಾಗಿ ಕಿರಣ ಕೆಲವೇ ಕೋನಗಳಿಗೆ ತಿರುಗುವುದು) ಅನ್ನೋದು ಎಕ್ಸ್ ಕಿರಣದ ವಿಷಯ ಅಂತ ತಿಳಿದಿದ್ದೆ.

ಉತ್ತರ: ಸಾಧ್ಯ. ಅದು ಗೊತ್ತಾಗಿ ನೂರು ವರ್ಷ ದಾಟಿದೆ. ಲಾವೆ, ಫ್ರೀಡ್ರಿಶ್ ಮತ್ತು ನಿಪ್ಪಿಂಗ್ ಹರಳಿನಲ್ಲಿ ಎಕ್ಸ್ ಕಿರಣದ ವಿವರ್ತನೆಯನ್ನು ತೋರಿಸಿದ್ದು 1912ರಲ್ಲಿ. ಎರಡೇ ವರ್ಷದಲ್ಲಿ, 1914ರಲ್ಲಿ, ರುದರ್‌ಫರ್ಡ್ ಮತ್ತು ಆಂಡ್ರಾಡೆ ರೇಡಿಯಂನಿಂದ ಹುಟ್ಟುವ ವಿಕಿರಣಶೀಲ ವಸ್ತುಗಳ ಗಾಮಾ ಕಿರಣವನ್ನು ಕಲ್ಲುಪ್ಪಿನ ಹರಳಿಗೆ ಹಾಯಿಸಿ ಅದರ ತರಂಗದೂರವನ್ನು ಅಳೆದರು. ಗಾಮಾ ಕಿರಣ ಮತ್ತು ಎಕ್ಸ್ ಕಿರಣ ಎರಡೂ ಒಂದೇ ಜಾತಿ, ಎರಡೂ ಬೆಳಕೇ. ಒಂದು ಪರಮಾಣುವಿನ ಬೀಜದಿಂದ ಬರುತ್ತದೆ, ಇನ್ನೊಂದು ಎಲೆಕ್ಟ್ರಾನುಗಳಿಂದ ಬರುತ್ತದೆ, ಅಷ್ಟೇ.

ತೂರಿಕೊಂಡು ಹೋಗುವುದಕ್ಕೂ ವಿವರ್ತನೆಗೂ ಜಗಳ ಇಲ್ಲ. ಹರಳಿಗೆ ಬಂದ ಕಿರಣದಲ್ಲಿ ಹೆಚ್ಚಿನ ಪಾಲು ನೇರ ಆಚೆ ಹೋಗುತ್ತದೆ. ಪರಮಾಣುಗಳ ಎಲೆಕ್ಟ್ರಾನುಗಳಿಂದ ಸ್ವಲ್ಪ ಪಾಲು ಚದುರುತ್ತದೆ. ಹರಳಿನಲ್ಲಿ ಪರಮಾಣುಗಳು ಪದರ ಪದರವಾಗಿ ಒಂದೇ ಅಂತರದಲ್ಲಿ ಕೂತಿರುವುದರಿಂದ, ಕೆಲವೇ ಕೋನಗಳಲ್ಲಿ ಈ ಚದುರಿದ ಅಲೆಗಳೆಲ್ಲ ಒಂದೇ ತಾಳಕ್ಕೆ ಬಂದು ಕೂಡಿಕೊಳ್ಳುತ್ತವೆ. ಬ್ರ್ಯಾಗ್ ನಿಯಮ ಹೇಳುವುದು ಇದನ್ನೇ: ಪದರಗಳ ಅಂತರದ ಎರಡರಷ್ಟನ್ನು ಕೋನದ ಸೈನ್‌ನಿಂದ ಗುಣಿಸಿದರೆ ತರಂಗದೂರ ಬರಬೇಕು, ಇಲ್ಲವೇ ಅದರ ಪೂರ್ಣ ಮಡಿ ಬರಬೇಕು.

ಒಂದು ಉದಾಹರಣೆ ನೋಡೋಣ. ಚಿನ್ನವನ್ನು ಪರಮಾಣು ರಿಯಾಕ್ಟರಿನಲ್ಲಿಟ್ಟರೆ ಚಿನ್ನ-198 ಆಗುತ್ತದೆ, ಅದರ ಅರ್ಧಾಯುಷ್ಯ 2.7 ದಿನ. ಅದು ಹೊಮ್ಮಿಸುವ ಮುಖ್ಯ ಗಾಮಾ ಕಿರಣದ ಶಕ್ತಿ 412 ಕಿಲೋ ಎಲೆಕ್ಟ್ರಾನ್ ವೋಲ್ಟ್, ತರಂಗದೂರ ಸುಮಾರು 0.030 ಆಂಗ್‌ಸ್ಟ್ರಾಮ್. ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಪಾಲು. ಸಿಲಿಕಾನ್ ಹರಳಿನಲ್ಲಿ 220 ಅಂತ ಕರೆಯುವ ಪದರಗಳ ಅಂತರ 1.92 ಆಂಗ್‌ಸ್ಟ್ರಾಮ್. ಲೆಕ್ಕ ಹಾಕಿದರೆ ಬ್ರ್ಯಾಗ್ ಕೋನ ಬರೀ 0.45 ಡಿಗ್ರಿ. ಕಿರಣ ತಿರುಗುವುದು ಅದರ ಎರಡರಷ್ಟು, ಅಂದರೆ 0.9 ಡಿಗ್ರಿ. ಇದೇ ಪದರಗಳಿಗೆ ತಾಮ್ರದಿಂದ ಹೊಮ್ಮುವ ಎಕ್ಸ್ ಕಿರಣ (ತರಂಗದೂರ 1.54 ಆಂಗ್‌ಸ್ಟ್ರಾಮ್) ಬಿದ್ದರೆ ತಿರುಗುವುದು 47 ಡಿಗ್ರಿ! ಗಾಮಾ ಕಿರಣದ ಕಷ್ಟ ಇರುವುದು ಇಲ್ಲೇ. ಹತ್ತು ಮೀಟರ್ ದೂರದಲ್ಲಿ ಡಿಟೆಕ್ಟರ್ ಇಟ್ಟರೂ ತಿರುಗಿದ ಕಿರಣ ನೇರ ಕಿರಣದಿಂದ ಸುಮಾರು 16 ಸೆಂಟಿಮೀಟರ್ ಪಕ್ಕಕ್ಕೆ ಬೀಳುತ್ತದೆ, ಅಷ್ಟೇ. ಹಾಗಾಗಿ ಕಿರಣವನ್ನು ತೆಳು ಸೀಳುಗಳಿಂದ ಹಾಯಿಸಬೇಕು, ನೇರ ಕಿರಣ ಡಿಟೆಕ್ಟರಿಗೆ ತಾಗದಂತೆ ಸೀಸ ಕಟ್ಟಬೇಕು, ಹರಳನ್ನು ಬಹಳ ನಿಧಾನಕ್ಕೆ, ಬಹಳ ಚಿಕ್ಕ ಕೋನಗಳಲ್ಲಿ ತಿರುಗಿಸಬೇಕು.

ಲಾಭವೂ ಇದೆ. ತಾಮ್ರದ ಎಕ್ಸ್ ಕಿರಣ ಸಿಲಿಕಾನ್ ಒಳಗೆ ಒಂದು ಮಿಲಿಮೀಟರ್ ಹೋಗುವಷ್ಟರಲ್ಲೇ ಸತ್ತುಹೋಗುತ್ತದೆ. 412ರ ಗಾಮಾ ಕಿರಣ ಸೆಂಟಿಮೀಟರುಗಟ್ಟಲೆ ದಪ್ಪದ ಹರಳನ್ನೂ ದಾಟಿ ಬರುತ್ತದೆ. ಅಂದರೆ ಹರಳಿನ ಮೇಲ್ಮೈ ಮಾತ್ರ ಅಲ್ಲ, ಪೂರ್ತಿ ಒಡಲಿನ ಸಮಾಚಾರ ಸಿಗುತ್ತದೆ.

ಪ್ರಶ್ನೆ: 412 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣದ ತರಂಗದೂರ 0.03 ಆಂಗ್‌ಸ್ಟ್ರಾಮ್ ಎಂದು ಓದಿದೆ. ಆದರೆ ಕೋಣೆಯ ಉಷ್ಣತೆಯಲ್ಲಿ ಹರಳಿನ ಪರಮಾಣುಗಳು ಅದಕ್ಕಿಂತ ಜಾಸ್ತಿ ದೂರ ಅತ್ತಿತ್ತ ಅಲುಗಾಡುತ್ತವೆ. ಹಾಗಿದ್ದರೆ ಅಲೆಗಳ ತಾಳ ಪೂರ್ತಿ ತಪ್ಪಿ ವಿವರ್ತನೆಯೇ ಅಳಿಸಿಹೋಗಬೇಕಲ್ವಾ?

ಉತ್ತರ: ಎಂಥ ಒಳ್ಳೆಯ ಪ್ರಶ್ನೆ! ನೀವು ಹೇಳಿದ ಅಂಕಿಗಳು ಸರಿ. ಸಿಲಿಕಾನ್ ಪರಮಾಣು ಕೋಣೆಯ ಉಷ್ಣತೆಯಲ್ಲಿ ತನ್ನ ಜಾಗದಿಂದ ಯಾವುದೇ ಒಂದು ದಿಕ್ಕಿನಲ್ಲಿ ಸರಾಸರಿ 0.076 ಆಂಗ್‌ಸ್ಟ್ರಾಮ್‌ನಷ್ಟು ಸರಿದಿರುತ್ತದೆ. ತರಂಗದೂರದ ಎರಡೂವರೆ ಪಟ್ಟು! ಆದರೂ ವಿವರ್ತನೆ ಅಳಿಸಿಹೋಗುವುದಿಲ್ಲ, ಮಂಕಾಗುವುದೂ ತೀರಾ ಕಡಿಮೆ. ಯಾಕೆ ಅಂದರೆ ಇಲ್ಲಿ ಹೋಲಿಸಬೇಕಾದ್ದು ಅಲುಗಾಟವನ್ನೂ ತರಂಗದೂರವನ್ನೂ ಅಲ್ಲ. ಅಲುಗಾಟವನ್ನೂ ಪದರಗಳ ಅಂತರವನ್ನೂ ಹೋಲಿಸಬೇಕು.

ಸುಮ್ನೆ ಹೇಳಿದರೆ ನಂಬುವುದು ಕಷ್ಟ, ಲೆಕ್ಕ ಮಾಡಿಯೇ ನೋಡೋಣ. ಒಂದು ಪರಮಾಣು ತನ್ನ ಪದರ ಬಿಟ್ಟು ಲಂಬವಾಗಿ 0.076 ಆಂಗ್‌ಸ್ಟ್ರಾಮ್ ಮೇಲೆ ಸರಿಯಿತು ಅಂತಿಟ್ಟುಕೊಳ್ಳಿ. ಕಿರಣ ಆ ಪರಮಾಣುವಿಗೆ ಬಂದು, ಚದುರಿ, ಡಿಟೆಕ್ಟರಿಗೆ ಹೋಗುವ ದಾರಿಯ ಉದ್ದ ಎಷ್ಟು ಬದಲಾಗುತ್ತದೆ? ಸರಿದ ದೂರದ ಎರಡರಷ್ಟನ್ನು ಕೋನದ ಸೈನ್‌ನಿಂದ ಗುಣಿಸಿದಷ್ಟು. ಕೋನ 0.45 ಡಿಗ್ರಿ, ಅದರ ಸೈನ್ 0.0078. ದಾರಿಯ ವ್ಯತ್ಯಾಸ ಬಂದದ್ದು ಸುಮಾರು 0.0012 ಆಂಗ್‌ಸ್ಟ್ರಾಮ್. ತರಂಗದೂರ 0.030. ಅಂದರೆ ಅಲೆಯ ತಾಳ ತಪ್ಪಿದ್ದು ಒಂದು ಪೂರ್ತಿ ಸುತ್ತಿನ ನೂರಕ್ಕೆ 4 ಪಾಲು ಮಾತ್ರ. ಈಗ ಇದೇ ಲೆಕ್ಕವನ್ನು ತಾಮ್ರದ ಎಕ್ಸ್ ಕಿರಣಕ್ಕೆ ಮಾಡಿ. ಕೋನ 23.7 ಡಿಗ್ರಿ, ಸೈನ್ 0.40, ದಾರಿಯ ವ್ಯತ್ಯಾಸ 0.061, ತರಂಗದೂರ 1.54. ಮತ್ತೆ ನೂರಕ್ಕೆ 4! ತರಂಗದೂರ ಐವತ್ತು ಪಟ್ಟು ಬೇರೆಯಾದರೂ ತಾಳ ತಪ್ಪುವುದು ಒಂದೇ ಅಳತೆಯಲ್ಲಿ. 0.076ನ್ನು 1.92ರಿಂದ ಭಾಗಿಸಿದರೆ ಬರುವುದೂ ಇದೇ ಸಂಖ್ಯೆ.

ಇದರ ಗುಟ್ಟು ಕಿರಣ ಹೋಗುವ ದಿಕ್ಕಿನಲ್ಲಿದೆ. ಗಾಮಾ ಕಿರಣ ಪದರಗಳಿಗೆ ಹೆಚ್ಚೂಕಮ್ಮಿ ಸಮಾಂತರವಾಗಿ ಜಾರಿಕೊಂಡು ಹೋಗುತ್ತದೆ, ಹಾಗಾಗಿ ಪರಮಾಣು ಮೇಲೆ ಕೆಳಗೆ ಸರಿದರೆ ದಾರಿಯ ಉದ್ದಕ್ಕೆ ಹೆಚ್ಚೇನೂ ಆಗುವುದಿಲ್ಲ. ಪದರದ ಒಳಗೇ ಹಿಂದೆ ಮುಂದೆ ಸರಿದರೆ? ಕಿರಣ ಬರುವ ದಾರಿ ಎಷ್ಟು ಉದ್ದವಾಯಿತೋ ಹೋಗುವ ದಾರಿ ಅಷ್ಟೇ ಕುಗ್ಗುತ್ತದೆ, ಲೆಕ್ಕ ಸೊನ್ನೆ. ಭೌತವಿಜ್ಞಾನಿಗಳ ಮಾತಿನಲ್ಲಿ ಹೇಳುವುದಾದರೆ, ಗಾಮಾ ಕಿರಣದ ಬಳಿ ಎಷ್ಟು ಸಂವೇಗ ಇದೆ ಅನ್ನುವುದು ಇಲ್ಲಿ ಮುಖ್ಯವಲ್ಲ, ಅದು ತಿರುಗುವಾಗ ಹರಳಿಗೆ ಎಷ್ಟು ಸಂವೇಗ ಕೊಟ್ಟಿತು ಅನ್ನುವುದೇ ಮುಖ್ಯ. ಅದನ್ನು ತೀರ್ಮಾನಿಸುವುದು ಪದರಗಳ ಅಂತರ ಒಂದೇ.

ಈ ಲೆಕ್ಕವನ್ನು ಮೊದಲು ಶುರುಮಾಡಿದವರು ಪೀಟರ್ ಡಿಬೈ, 1913ರಲ್ಲಿ. 1923ರಲ್ಲಿ ಇವಾರ್ ವಾಲರ್ ಅದನ್ನು ತಿದ್ದಿ ಸರಿಪಡಿಸಿದರು, ಅದಕ್ಕೇ ಡಿಬೈ–ವಾಲರ್ ಅಂಶ ಅನ್ನುವ ಹೆಸರು. ಅವರ ಲೆಕ್ಕದ ಪ್ರಕಾರ ಶಾಖದ ಅಲುಗಾಟದಿಂದ ವಿವರ್ತನೆಯ ಚುಕ್ಕೆ (ತಿರುಗಿದ ಕಿರಣ ಬಂದು ಬೀಳುವ ಜಾಗದಲ್ಲಿ ಮೂಡುವ ಗುರುತು) ಅಗಲವಾಗುವುದಿಲ್ಲ, ಮಂಕಾಗುತ್ತದೆ. ಇದು ನನಗೆ ಇವತ್ತಿಗೂ ಅಚ್ಚರಿಯ ಸಂಗತಿ, ಯಾಕಂದರೆ ಅಲುಗಾಡುವ ವಸ್ತುವಿನ ಚಿತ್ರ ಕಲಸಿಹೋಗಬೇಕು ಅಂತಲೇ ನಮಗೆ ಅನಿಸುವುದು. ಮೇಲಿನ ಸಿಲಿಕಾನ್ ಪದರಗಳಿಗೆ ಲೆಕ್ಕ ಹಾಕಿದರೆ ಚುಕ್ಕೆಯ ಹೊಳಪು ನೂರಕ್ಕೆ 94ರಷ್ಟು ಉಳಿಯುತ್ತದೆ. ಅಂತರ ಅರ್ಧವಾದರೆ, ಅಂದರೆ 440 ಚುಕ್ಕೆಗೆ, 78. ಇನ್ನೂ ಅರ್ಧವಾದರೆ, 880ಕ್ಕೆ, ಬರೀ 37. ಹೀಗೆ ಒತ್ತೊತ್ತಾದ ಪದರಗಳ ಚುಕ್ಕೆಗಳು ಬೇಗ ಮಂಕಾಗುತ್ತವೆ. ಕಿರಣ ಗಾಮಾ ಆದರೂ ಅಷ್ಟೇ, ಎಕ್ಸ್ ಆದರೂ ಅಷ್ಟೇ.

ನಿಮ್ಮ ಅನುಮಾನ ಪೂರ್ತಿ ನಿಜವಾಗುವ ಸಂದರ್ಭವೂ ಒಂದಿದೆ. ಒಂದು ಪರಮಾಣು ಬೀಜ ಗಾಮಾ ಕಿರಣವನ್ನು ಹಿಮ್ಮೆಟ್ಟದೆ ನುಂಗಬೇಕು ಅಂದರೆ (ಮಾಸ್‌ಬಾವರ್ 1958ರಲ್ಲಿ ಕಂಡುಹಿಡಿದದ್ದು ಇದನ್ನು), ಆಗ ಕಿರಣದ ಪೂರ್ತಿ ಸಂವೇಗವನ್ನು ಹರಳು ಹೊರಬೇಕು. ಅಲ್ಲಿ ಅಲುಗಾಟವನ್ನು ತರಂಗದೂರದ ಜೊತೆಗೇ ಹೋಲಿಸಬೇಕು. ಕಬ್ಬಿಣ-57ರ 14.4 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಕಿರಣಕ್ಕೆ ತರಂಗದೂರ 0.86 ಆಂಗ್‌ಸ್ಟ್ರಾಮ್, ಹಾಗಾಗಿ ಕೋಣೆಯ ಉಷ್ಣತೆಯಲ್ಲೂ ಇದು ಸಲೀಸಾಗಿ ನಡೆಯುತ್ತದೆ. 412ರ ಕಿರಣಕ್ಕೆ ಮಾತ್ರ ಇದು ಆಗದ ಮಾತು. ಅದೇ ಕಿರಣ ವಿವರ್ತನೆಗೆ ಹೇಳಿಮಾಡಿಸಿದಂತಿದೆ.

ಪ್ರಶ್ನೆ: ಚುಕ್ಕೆ ಮಂಕಾದಾಗ ಕಳೆದುಹೋದ ಹೊಳಪು ಎಲ್ಲಿ ಹೋಯಿತು? ಹರಳೇ ಹೀರಿಕೊಂಡಿತೇ?

ಉತ್ತರ: ಇಲ್ಲ, ಅದು ಚುಕ್ಕೆಯಿಂದ ಆಚೆಗೆ ಚದುರಿಹೋಯಿತು. ಇದಕ್ಕೆ ಶಾಖದ ಮಬ್ಬು ಚದುರಿಕೆ ಅನ್ನಬಹುದು.

ಹರಳಿನ ಪರಮಾಣುಗಳು ತಮ್ಮಷ್ಟಕ್ಕೆ ತಾವು ಬೇರೆ ಬೇರೆಯಾಗಿ ಅಲುಗುವುದಿಲ್ಲ. ಒಂದನ್ನು ಇನ್ನೊಂದು ಎಳೆಯುತ್ತದೆ, ತಳ್ಳುತ್ತದೆ. ಹಾಗಾಗಿ ಶಾಖ ಅಂದರೆ ಹರಳಿನ ಒಳಗೆ ಎಲ್ಲ ದಿಕ್ಕಿಗೂ ಓಡುತ್ತಿರುವ ಅಲೆಗಳ ಜಾತ್ರೆ. ಈ ಅಲೆಗಳ ಶಕ್ತಿಯ ಕಂತುಗಳನ್ನು ಫೋನಾನ್ ಅನ್ನುತ್ತಾರೆ. ಪರಮಾಣುಗಳು ಸೆಕೆಂಡಿಗೆ ಲಕ್ಷ ಕೋಟಿಯಿಂದ ಹತ್ತು ಲಕ್ಷ ಕೋಟಿ ಸಲ ಕಂಪಿಸುತ್ತವೆ. ಗಾಮಾ ಕಿರಣದ ಅಲೆಯಾದರೋ ಅದಕ್ಕಿಂತ ಕೋಟಿ ಪಟ್ಟು ವೇಗವಾಗಿ ಕಂಪಿಸುತ್ತದೆ. ಓಡುವ ಮಗುವಿನ ಫೋಟೊ ತೆಗೆದರೆ ಮಗು ಒಂದು ಭಂಗಿಯಲ್ಲಿ ನಿಂತಂತೆ ಕಾಣುವ ಹಾಗೆ, ಪ್ರತಿ ಗಾಮಾ ಕಿರಣಕ್ಕೂ ಹರಳು ಒಂದು ಕ್ಷಣದ ಭಂಗಿಯಲ್ಲಿ ಸಿಗುತ್ತದೆ. ಆ ಕ್ಷಣದಲ್ಲಿ ಪದರಗಳು ಸಪಾಟಾಗಿಲ್ಲ, ಒಂದೊಂದು ಶಾಖದ ಅಲೆಯೂ ಅವುಗಳ ಮೇಲೆ ತನ್ನದೇ ಏರಿಳಿತ ಮೂಡಿಸಿರುತ್ತದೆ. ಆ ಏರಿಳಿತ ಇನ್ನೊಂದು ಕ್ರಮ ಆಯಿತಲ್ಲ? ಅದರಿಂದಲೂ ಕಿರಣ ತಿರುಗುತ್ತದೆ, ಆದರೆ ಬ್ರ್ಯಾಗ್ ಚುಕ್ಕೆಯಿಂದ ಸ್ವಲ್ಪ ಪಕ್ಕಕ್ಕೆ. ಉದ್ದನೆಯ ಅಲೆಯಾದರೆ ಚುಕ್ಕೆಯ ಹತ್ತಿರ, ಗಿಡ್ಡ ಅಲೆಯಾದರೆ ದೂರ.

ಎಲ್ಲ ಅಲೆಗಳಿಗೂ ಶಾಖದಲ್ಲಿ ಹೆಚ್ಚೂಕಮ್ಮಿ ಸಮಪಾಲು ಶಕ್ತಿ ಸಿಗುತ್ತದೆ ಅಂದುಕೊಳ್ಳಿ. ನಿಧಾನವಾಗಿ ಕಂಪಿಸುವ ಉದ್ದನೆಯ ಅಲೆ ಅಷ್ಟೇ ಶಕ್ತಿಯಲ್ಲಿ ಪರಮಾಣುಗಳನ್ನು ಜಾಸ್ತಿ ದೂರ ಸರಿಸುತ್ತದೆ. ಹಾಗಾಗಿ ಮಬ್ಬು ಚದುರಿಕೆ ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ, ಚುಕ್ಕೆಯ ಸುತ್ತಲೇ ದಟ್ಟವಾಗಿ ಕವಿದುಕೊಳ್ಳುತ್ತದೆ. ಚುಕ್ಕೆಯಿಂದ ದೂರ ಎರಡರಷ್ಟಾದರೆ ದಟ್ಟಣೆ ಸುಮಾರು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಹರಳನ್ನು ಬಿಸಿ ಮಾಡಿದರೆ ಚುಕ್ಕೆ ಇಳಿಯುತ್ತದೆ, ಮಬ್ಬು ಏರುತ್ತದೆ. ತಣ್ಣಗೆ ಮಾಡಿದರೆ ಉಲ್ಟಾ. ಸೊನ್ನೆ ಕೆಲ್ವಿನ್‌ಗೆ ಇಳಿಸಿದರೂ ಮಬ್ಬು ಪೂರ್ತಿ ಹೋಗುವುದಿಲ್ಲ, ಕ್ವಾಂಟಂ ನಿಯಮದಿಂದಾಗಿ ಪರಮಾಣುಗಳಲ್ಲಿ ಒಂದಿಷ್ಟು ಅಲುಗಾಟ ಉಳಿದೇ ಇರುತ್ತದೆ.

ಈ ಮಬ್ಬಿನ ಆಕಾರ ದುಂಡಗೇ ಇರಬೇಕೆಂದಿಲ್ಲ. ಹರಳು ಯಾವ ದಿಕ್ಕಿಗೆ ಮೆದುವೋ ಆ ದಿಕ್ಕಿನ ಅಲೆಗಳು ದೊಡ್ಡವು, ಆ ಕಡೆ ಮಬ್ಬು ಉದ್ದಕ್ಕೆ ಚಾಚುತ್ತದೆ. ಅಂದರೆ ಈ ಮಬ್ಬನ್ನು ಅಳೆದು ಹರಳಿನ ಬಿಗುವನ್ನು, ಅದರೊಳಗಿನ ಅಲೆಗಳ ಕಂಪನದ ವೇಗವನ್ನು ಲೆಕ್ಕ ಹಾಕಬಹುದು. 1956ರಲ್ಲಿ ಅಲ್ಯೂಮಿನಿಯಂಗೆ ಎಕ್ಸ್ ಕಿರಣ ಬಳಸಿ ಹೀಗೇ ಮಾಡಿದ್ದಾರೆ. ಕಸ ಅಂತ ಬಿಸಾಡುವ ಹಿನ್ನೆಲೆಯೊಳಗೆ ಇಷ್ಟೆಲ್ಲ ವಿಷಯ ಅಡಗಿರುತ್ತದೆ, ಅದಕ್ಕೇ ಈ ವಿಷಯ ಪಠ್ಯಪುಸ್ತಕಗಳಲ್ಲಿ ಒಂದು ಪ್ಯಾರಾದಲ್ಲಿ ಮುಗಿದುಹೋದಾಗ ನನಗೆ ಬೇಜಾರಾಗುತ್ತದೆ.

ಇದಕ್ಕೆ ಸಿ. ವಿ. ರಾಮನ್ ಅವರ ನಂಟೂ ಇದೆ. 1940ರಲ್ಲಿ ರಾಮನ್ ಮತ್ತು ನೀಲಕಂಠನ್ ವಜ್ರದ ಎಕ್ಸ್ ಕಿರಣ ಚಿತ್ರಗಳಲ್ಲಿ ಬ್ರ್ಯಾಗ್ ನಿಯಮಕ್ಕೆ ಹೊಂದದ ಹೆಚ್ಚುವರಿ ಚುಕ್ಕೆಗಳನ್ನು ವರದಿ ಮಾಡಿದರು. ರಾಮನ್ ಅದಕ್ಕೆ ತಮ್ಮದೇ ಆದ ಬೇರೆ ವಿವರಣೆ ಕೊಟ್ಟರು. ಮ್ಯಾಕ್ಸ್ ಬಾರ್ನ್, ಕ್ಯಾಥ್ಲೀನ್ ಲಾನ್ಸ್‌ಡೇಲ್ ಮುಂತಾದವರು ಅದನ್ನು ಒಪ್ಪದೆ, ಶಾಖದ ಅಲೆಗಳಿಂದಲೇ ವಿವರಿಸಬೇಕು ಅಂದರು. ವಾದ ವರ್ಷಗಟ್ಟಲೆ ನಡೆಯಿತು. ಈ ಮಬ್ಬಿನ ವಿಷಯದಲ್ಲಿ ಇವತ್ತು ಎಲ್ಲರೂ ಒಪ್ಪುವುದು ಶಾಖದ ಅಲೆಗಳ ವಿವರಣೆಯನ್ನೇ.

ಪ್ರಶ್ನೆ: ಮಬ್ಬು ಚುಕ್ಕೆಯ ಅಡಿಯಲ್ಲೇ ಕೂತಿದ್ದರೆ ಎರಡನ್ನೂ ಬೇರೆ ಮಾಡುವುದು ಹೇಗೆ? ಡಿಟೆಕ್ಟರಿಗೆ ಗೊತ್ತಾಗುತ್ತದೆಯೇ?

ಉತ್ತರ: ಸಾಮಾನ್ಯ ಡಿಟೆಕ್ಟರಿಗೆ ಗೊತ್ತಾಗುವುದಿಲ್ಲ. ಒಂದು ವ್ಯತ್ಯಾಸ ಇದೆ, ನಿಜ. ಬ್ರ್ಯಾಗ್ ಚುಕ್ಕೆಗೆ ಬರುವ ಕಿರಣದ ಶಕ್ತಿ ಬದಲಾಗಿರುವುದಿಲ್ಲ. ಮಬ್ಬಿಗೆ ಸೇರುವ ಕಿರಣ ಒಂದು ಫೋನಾನನ್ನು ಹರಳಿಗೆ ಕೊಟ್ಟು ಬಂದಿರುತ್ತದೆ, ಇಲ್ಲವೇ ಹರಳಿನಿಂದ ಪಡೆದು ಬಂದಿರುತ್ತದೆ. ಆದರೆ ಫೋನಾನಿನ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟ್‌ನ ನೂರನೇ ಒಂದು ಭಾಗದ ಆಸುಪಾಸು. ಒಳ್ಳೆಯ ಜರ್ಮೇನಿಯಂ ಡಿಟೆಕ್ಟರ್ ಕೂಡ ಸುಮಾರು ಒಂದು ಕಿಲೋ ಎಲೆಕ್ಟ್ರಾನ್ ವೋಲ್ಟ್‌ಗಿಂತ ಸಣ್ಣ ವ್ಯತ್ಯಾಸವನ್ನು ಗುರುತಿಸಲಾರದು. ಬೇಕಾದ್ದು ಅದರ ಲಕ್ಷದಲ್ಲಿ ಒಂದು ಪಾಲು!

ಇಲ್ಲಿ ಮಾಸ್‌ಬಾವರ್ ಕೈಹಿಡಿಯುತ್ತಾರೆ. ಕೋಬಾಲ್ಟ್-57ರಿಂದ ಬರುವ ಕಬ್ಬಿಣ-57ರ ಗಾಮಾ ಕಿರಣದ ಶಕ್ತಿ ಎಷ್ಟು ಕರಾರುವಾಕ್ಕು ಅಂದರೆ ಅದರ ಸ್ವಾಭಾವಿಕ ಅಗಲ ಒಂದು ಎಲೆಕ್ಟ್ರಾನ್ ವೋಲ್ಟ್‌ನ ನೂರು ಕೋಟಿಯಲ್ಲಿ ಐದು ಪಾಲಿಗಿಂತ ಕಮ್ಮಿ. ಈ ಕಿರಣವನ್ನು ಹರಳಿಗೆ ಹಾಯಿಸಿ, ಚುಕ್ಕೆ ಬೀಳುವ ಜಾಗದಲ್ಲಿ ಡಿಟೆಕ್ಟರ್ ಇಟ್ಟು, ಅದರ ಮುಂದೆ ಕಬ್ಬಿಣ-57 ಇರುವ ಒಂದು ತೆಳು ಹಾಳೆಯನ್ನು ನಿಲ್ಲಿಸುತ್ತಾರೆ. ಶಕ್ತಿ ಬದಲಾಗದ ಕಿರಣವನ್ನು ಈ ಹಾಳೆ ನುಂಗುತ್ತದೆ, ಫೋನಾನ್ ಕೊಟ್ಟು ಪಡೆದು ಬಂದದ್ದನ್ನು ಹಾಗೇ ಬಿಡುತ್ತದೆ. ನಂತರ ಹಾಳೆಯನ್ನು ಸೆಕೆಂಡಿಗೆ ಕೆಲವು ಮಿಲಿಮೀಟರ್ ವೇಗದಲ್ಲಿ ಅಲುಗಾಡಿಸಿದರೆ ಡಾಪ್ಲರ್ ಪರಿಣಾಮದಿಂದ ಹೊಂದಾಣಿಕೆ ತಪ್ಪಿ ಎರಡೂ ಬಗೆಯ ಕಿರಣ ದಾಟಿ ಬರುತ್ತವೆ. ಎರಡು ಎಣಿಕೆಗಳನ್ನು ಹೋಲಿಸಿದರೆ ಚುಕ್ಕೆಯಲ್ಲಿ ನಿಜವಾದ ಬ್ರ್ಯಾಗ್ ಪಾಲು ಎಷ್ಟು, ಶಾಖದ ಪಾಲು ಎಷ್ಟು ಅನ್ನುವುದು ಹೊರಬೀಳುತ್ತದೆ. ಫೋನಾನಿನಿಂದಾದ ವ್ಯತ್ಯಾಸ ಅಕಸ್ಮಾತ್ ಹಾಳೆಗೆ ಹೊಂದಿಬಿಟ್ಟರೆ ಅನ್ನುವ ಭಯ ಬೇಡ, ಅದಕ್ಕೆ ಹಾಳೆ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಓಡಬೇಕು. 1963ರಲ್ಲಿ ಓಕಾನರ್ ಮತ್ತು ಬಟ್ ಈ ಉಪಾಯದಿಂದ ವಿವರ್ತನೆಯ ಶಿಖರದಲ್ಲೇ ಅಡಗಿದ್ದ ಶಾಖದ ಪಾಲನ್ನು ಹಿಡಿದರು. ತೊಂದರೆ ಒಂದೇ, ಕೋಬಾಲ್ಟ್ ಆಕರದ ಕಿರಣ ಬಹಳ ಮಂದ, ಎಣಿಕೆಗೆ ತುಂಬಾ ಹೊತ್ತು ಕಾಯಬೇಕು.

ಇಷ್ಟು ಕಷ್ಟ ಯಾಕೆ ಪಡಬೇಕು ಅಂತ ಕೇಳಬಹುದು. ಮಬ್ಬನ್ನು ಕಳೆಯದೆ ಹೋದರೆ ಚುಕ್ಕೆ ಇರುವುದಕ್ಕಿಂತ ಹೊಳಪಾಗಿ ಕಾಣುತ್ತದೆ, ಅದರಲ್ಲೂ ದೊಡ್ಡ ಕೋನದ ಚುಕ್ಕೆಗಳು. ಅದನ್ನೇ ನಂಬಿ ಲೆಕ್ಕ ಹಾಕಿದರೆ ಪರಮಾಣುಗಳು ನಿಜಕ್ಕಿಂತ ಕಡಿಮೆ ಅಲುಗುತ್ತಿವೆ ಅನ್ನುವ ತಪ್ಪು ಉತ್ತರ ಬರುತ್ತದೆ. ಹರಳಿನ ಬಿಗುವು ಮೊದಲೇ ಗೊತ್ತಿದ್ದರೆ ಮಬ್ಬನ್ನು ಲೆಕ್ಕದಿಂದಲೇ ಕಳೆಯುವುದು ಈಗ ರೂಢಿ.

ಪ್ರಶ್ನೆ: ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿ ನೋಡಬಹುದೇ?

ಉತ್ತರ: ಬೇಡ. ಚುಕ್ಕೆ ಕಾಣುವಷ್ಟು ಪ್ರಬಲವಾದ ಗಾಮಾ ಆಕರ ಅಪಾಯಕಾರಿ, ಅದಕ್ಕೆ ಪರವಾನಗಿ, ಸೀಸದ ಕೋಟೆ ಎಲ್ಲ ಬೇಕು. ಲೇಸರ್ ಮತ್ತು ಗ್ರೇಟಿಂಗ್ (ಒಂದೇ ಅಂತರದಲ್ಲಿ ಒತ್ತೊತ್ತಾಗಿ ಗೆರೆಗಳಿರುವ ಹಲಗೆ) ಇಟ್ಟುಕೊಂಡು ಮಾಡಿ, ತತ್ವ ಅದೇ.

ಪ್ರಶ್ನೆ: ಗಾಮಾ ಕಿರಣದ ವಿವರ್ತನೆಯಿಂದ ಪ್ರಯೋಜನ ಏನು?

ಉತ್ತರ: ನನಗೆ ತುಂಬಾ ಹಿಡಿಸಿದ್ದು ಎರಡನ್ನು ಹೇಳುತ್ತೇನೆ. ಮೊದಲನೆಯದು ಐನ್‌ಸ್ಟೈನರ ದ್ರವ್ಯರಾಶಿ–ಶಕ್ತಿ ಸಮೀಕರಣದ ಪರೀಕ್ಷೆ. ಸಿಲಿಕಾನ್ ಮತ್ತು ಗಂಧಕದ ಪರಮಾಣು ಬೀಜಗಳು ಒಂದು ನ್ಯೂಟ್ರಾನನ್ನು ನುಂಗಿದಾಗ ಒಟ್ಟು ದ್ರವ್ಯರಾಶಿ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟು ಶಕ್ತಿ ಗಾಮಾ ಕಿರಣವಾಗಿ ಹೊರಬರುತ್ತದೆ. ಆ ಕಿರಣಗಳ ತರಂಗದೂರವನ್ನು ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಲಾವೆ–ಲಾಂಜವಾ ಸಂಸ್ಥೆಯಲ್ಲಿ ಸಿಲಿಕಾನ್ ಹರಳುಗಳ ವಿವರ್ತನೆಯ ಕೋನದಿಂದ ಅಳೆದರು. ದ್ರವ್ಯರಾಶಿಯನ್ನು ಅಮೆರಿಕದ ಎಂಐಟಿಯಲ್ಲಿ ಬೇರೆಯಾಗಿ ಅಳೆದರು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಕಡೆಯ ಲೆಕ್ಕ ಹತ್ತು ಲಕ್ಷದಲ್ಲಿ ಅರ್ಧ ಪಾಲಿನಷ್ಟೂ ವ್ಯತ್ಯಾಸವಿಲ್ಲದೆ ಹೊಂದಿಕೊಂಡಿತು.

ಇನ್ನೊಂದು ಗಾಮಾ ಕಿರಣದ ಮಸೂರ. ಗಾಜಿನ ಮಸೂರ ಗಾಮಾ ಕಿರಣವನ್ನು ಬಾಗಿಸಲಾರದು, ಆದರೆ ಹರಳುಗಳನ್ನು ಉಂಗುರಗಳಾಗಿ ಜೋಡಿಸಿ, ಪ್ರತಿಯೊಂದನ್ನೂ ಬ್ರ್ಯಾಗ್ ಕೋನಕ್ಕೆ ಓರೆ ಮಾಡಿ ನಿಲ್ಲಿಸಿದರೆ ಎಲ್ಲದರ ಕಿರಣವೂ ಒಂದೇ ಜಾಗಕ್ಕೆ ಬಂದು ಬೀಳುತ್ತದೆ. ಇದಕ್ಕೆ ಲಾವೆ ಮಸೂರ ಅನ್ನುತ್ತಾರೆ. 2001ರಲ್ಲಿ ಫ್ರಾನ್ಸಿನಲ್ಲಿ ಬಲೂನಿನಲ್ಲಿ ಹಾರಿಸಿದ ಕ್ಲೇರ್ ಎಂಬ ದೂರದರ್ಶಕದಲ್ಲಿ ಇಂಥ 556 ಹರಳುಗಳಿದ್ದವು, ಅದು ಏಡಿ ನೀಹಾರಿಕೆಯ 170 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಕಿರಣಗಳನ್ನು ಹಿಡಿಯಿತು.

ಪ್ರಶ್ನೆ: ಹರಳನ್ನು ಕಾಯಿಸುತ್ತಾ ಕರಗುವವರೆಗೂ ಹೋದರೆ ಚುಕ್ಕೆಗಳು ನಿಧಾನವಾಗಿ ಮಾಯವಾಗುತ್ತವೆಯೇ?

ಉತ್ತರ: ಅರ್ಧ ದಾರಿ ನಿಧಾನ, ಕೊನೆಗೆ ಒಮ್ಮೆಲೇ. ಕಾಯುತ್ತಾ ಹೋದಂತೆ ಒತ್ತೊತ್ತಾದ ಪದರಗಳ ಚುಕ್ಕೆಗಳು ಮೊದಲು ಮಂಕಾಗಿ ಮಬ್ಬಿನಲ್ಲಿ ಮುಳುಗುತ್ತವೆ. ಅಗಲ ಅಂತರದ ಪದರಗಳ ಚುಕ್ಕೆಗಳು ಕೊನೆಯವರೆಗೂ ಉಳಿಯುತ್ತವೆ, ಹರಳು ಹಿಗ್ಗುವುದರಿಂದ ಜಾಗ ಚೂರು ಬದಲಿಸುತ್ತವೆ, ಆದರೆ ಅಂಚು ಚೂಪಾಗಿಯೇ ಇರುತ್ತದೆ. 1910ರಲ್ಲಿ ಲಿಂಡೆಮನ್ ಅಲುಗಾಟಕ್ಕೂ ಕರಗುವುದಕ್ಕೂ ನಂಟು ಕಟ್ಟಿದರು. ಈಗ ಅದನ್ನು ಬಳಸುವ ರೀತಿಯಲ್ಲಿ ಹೇಳುವುದಾದರೆ, ಪರಮಾಣುಗಳ ಸರಾಸರಿ ಅಲುಗಾಟ ಪಕ್ಕದ ಪರಮಾಣುವಿನ ದೂರದ ಹತ್ತನೇ ಒಂದು ಪಾಲಿನ ಆಸುಪಾಸಿಗೆ ಬಂದಾಗ ಹರಳು ಕರಗುತ್ತದೆ. ಅಲ್ಲಿಯವರೆಗೂ ಪ್ರತಿ ಪರಮಾಣುವಿಗೂ ಮರಳಿ ಬರಲು ತನ್ನದೇ ಒಂದು ಜಾಗ ಇರುತ್ತದೆ, ಚುಕ್ಕೆ ಚೂಪಾಗಿರುವುದು ಆ ಜಾಗಗಳ ಕ್ರಮದಿಂದ. ಕರಗಿದ ಕೂಡಲೇ ಆ ಜಾಗಗಳೇ ಇಲ್ಲವಾಗುತ್ತವೆ. ಚುಕ್ಕೆಗಳೆಲ್ಲ ಹೋಗಿ ಅಗಲವಾದ ಮಸುಕು ಉಂಗುರಗಳು ಮಾತ್ರ ಉಳಿಯುತ್ತವೆ.